ಎಂಟು ಪುಟ, ಎರಡು ನಿಮಿಷ

ವಿಜಯಪುರದಿಂದ ಒಬ್ಬ ತಂಗಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಕಾನೂನು ಓದಿ ಮುಗಿಸಿ, ಸ್ವಿಟ್ಜರ್ಲೆಂಡಿನ ಜಿನೀವಾದ ಒಂದು ಅಂತರರಾಷ್ಟ್ರೀಯ ಕ್ರೈಸ್ತ ಸಂಸ್ಥೆಯಲ್ಲಿ ಕೆಲವು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದವರು. ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸಿದವರ ಪರವಾಗಿ ವಿಶ್ವಸಂಸ್ಥೆಯಲ್ಲಿ ಮಾತನಾಡುವುದು ಆ ಸಂಸ್ಥೆಯ ಕೆಲಸ. ಪತ್ರದ ಮುಖ್ಯ ಭಾಗ ಇದು:

“ಬೇರೆ ಬೇರೆ ದೇಶದ ಜನ ಹೇಳಿಕೊಂಡದ್ದು ನಮ್ಮ ಟೇಬಲ್ಲಿಗೆ ಬರುತ್ತಿತ್ತು. ಎಂಟು ಪುಟ ಇದ್ದದ್ದನ್ನು ಎರಡು ನಿಮಿಷದ ಮಾತಿಗೆ ಇಳಿಸುವುದು ನನ್ನ ಕೆಲಸ. ಸಮಯ ಮುಗಿದರೆ ಮೈಕ್ ಬಂದ್. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಕೈ ಪಳಗಿತು. ಈಗ ನೆನೆದರೆ ಕೈ ಪಳಗಿದ್ದೇ ಬೇಸರ. ಸಂಬಳ ಇರಲಿಲ್ಲ, ಅಪ್ಪ ಸಾಲ ಮಾಡಿ ಕಳಿಸಿದ್ದರು. ಊರಿಗೆ ಬಂದರೆ ‘ಮತಾಂತರ ಆಗಿ ಬಂದೀಯೇನು?’ ಅಂತ ಸಂಬಂಧಿಕರು ಕೇಳಿದರು. ಗೆಳತಿಯೊಬ್ಬಳು ಈಗ ಅಲ್ಲಿಗೇ ಅರ್ಜಿ ಹಾಕುತ್ತಿದ್ದಾಳೆ. ಅವಳಿಗೆ ಏನು ಹೇಳಲಿ?”

ಸಂಬಂಧಿಕರ ವಿಷಯ ಮೊದಲು ಮುಗಿಸಿಬಿಡೋಣ. ಅವರನ್ನು ಒಂದು ಸಂಜೆ ಇಬ್ರಾಹಿಂ ರೋಜಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ಜಗದ್ಗುರು ಅನ್ನಿಸಿಕೊಂಡವನು. ಮುಸಲ್ಮಾನನಾಗಿಯೇ ಬದುಕಿದ, ಮುಸಲ್ಮಾನನಾಗಿಯೇ ಸತ್ತ. ಆ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳುವುದೇ? ನೀವೂ ಅದಕ್ಕೆ ಉತ್ತರ ಕೊಡುತ್ತಾ ಕೂರಬೇಡಿ.

ಇನ್ನು ಜಿನೀವಾ. ಅಲ್ಲಿ ನಡೆಯುವುದೆಲ್ಲ ಸುಮ್ನೆ ಅಂತ ನಾನು ಹೇಳುವುದಿಲ್ಲ. 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಇದೆಯಲ್ಲ, ತನಗೆ ಬೇಕಾದ ಧರ್ಮ ಪಾಲಿಸುವ, ಬೇಕಾದರೆ ಬದಲಿಸುವ ಹಕ್ಕು, ಅದರ ಹಿಂದೆ ನೀವು ಕೆಲಸ ಮಾಡಿದಂಥ ಸಂಸ್ಥೆಗಳ ಓಡಾಟವೂ ಇತ್ತು. ಚರ್ಚುಗಳ ಪರವಾಗಿ ಫ್ರೆಡರಿಕ್ ನೋಲ್ಡೆ ಅನ್ನುವ ಅಮೆರಿಕದ ಲೂಥರನ್ ಪಂಥದವನು, ಬೇರೆ ಬೇರೆ ದೇಶದ ಪ್ರತಿನಿಧಿಗಳ ಬೆನ್ನು ಬಿಡದೆ ಓಡಾಡಿದ. ಲೆಬನಾನಿನ ಚಾರ್ಲ್ಸ್ ಮಲಿಕ್ ಘೋಷಣೆಯ ಕರಡು ಬರೆದ ಸಮಿತಿಯ ಒಳಗಿನಿಂದ ಎಳೆದ. ಆ ವಿಧಿಗೆ ಸೌದಿ ಅರೇಬಿಯಾದ ತಕರಾರು ಇತ್ತು. ವಿಧಿಯ ಪರವಾಗಿ ಕುರಾನಿನ ಮಾತನ್ನೇ ಹಿಡಿದು ವಾದಿಸಿದವರು ಯಾರು ಗೊತ್ತೇ? ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫರುಲ್ಲಾ ಖಾನ್. ಅವರು ಅಹ್ಮದೀಯ ಪಂಥದವರು. 1974ರಲ್ಲಿ ಅದೇ ಪಾಕಿಸ್ತಾನ ಸಂವಿಧಾನ ತಿದ್ದಿ, ಅಹ್ಮದೀಯರು ಮುಸಲ್ಮಾನರೇ ಅಲ್ಲ ಅಂತ ಬರೆಯಿತು. ಅದನ್ನು ನೋಡಲು ಖಾನ್ ಸಾಹೇಬರು ಇನ್ನೂ ಬದುಕಿದ್ದರು.

ಹಾಗಾಗಿ ಆ ಎರಡು ನಿಮಿಷವೂ ಬೇಕು. ಯಾರಾದರೂ ಎದ್ದು ನಿಂತು ಹೇಳಲೇಬೇಕು. ಆ ಮಾತು ಅಲ್ಲಿಗೆ ಸಾಕು.

ನನ್ನ ತಲೆ ಕೊರೆಯುತ್ತಿರುವುದು ಆ ಎಂಟು ಪುಟ. ಅದು ಏನಾಯಿತು? ಯಾರು ಇಟ್ಟುಕೊಂಡರು? ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಬೇಜಾರಾಗಬೇಡಿ ತಂಗಿ, ಇಷ್ಟು ಚೆನ್ನಾಗಿ ಬರೆಯುವ ನಿಮಗೆ ಆ ಪ್ರಶ್ನೆ ಹೊಳೆಯಬೇಕಿತ್ತು. ಇಳಿಸುವುದು ಅಲ್ಲಿ ನಿಮ್ಮ ಟೇಬಲ್ಲಿಗೆ ಮುಗಿಯುವುದೂ ಇಲ್ಲ. ವಿಶ್ವಸಂಸ್ಥೆ ಒಂದೊಂದು ದೇಶದ ಮಾನವ ಹಕ್ಕುಗಳ ಪರಿಸ್ಥಿತಿಯನ್ನು ಕೆಲವು ವರ್ಷಕ್ಕೊಮ್ಮೆ ಪರಿಶೀಲಿಸುತ್ತದೆ. ಅದಕ್ಕೆ ಒಂದು ಸಂಸ್ಥೆ ಕಳಿಸುವ ವರದಿ 2,815 ಪದ ಮೀರುವಂತಿಲ್ಲ. ಹಾಗೆ ಬಂದ ಎಲ್ಲ ಸಂಸ್ಥೆಗಳ ವರದಿ ಸೇರಿಸಿ, ಒಂದು ದೇಶಕ್ಕೆ ಹತ್ತು ಪುಟದಷ್ಟು ಸಾರಾಂಶ. ಕಬ್ಬಿನ ಗಾಣದಿಂದ ಹೊರಬಿದ್ದ ಸಿಪ್ಪೆ ಹಿಡಿದುಕೊಂಡು ಇದೇ ಕಬ್ಬು ಅಂದಹಾಗೆ. ಒಬ್ಬ ತಾಯಿ ತನ್ನ ಮಗನ ವಿಷಯ ಹೇಳುವಾಗ ನಡುವೆ ಎಮ್ಮೆಯ ವಿಷಯ ಹೇಳುತ್ತಾಳೆ, ಮಳೆಯ ವಿಷಯ ಹೇಳುತ್ತಾಳೆ. ಮೊದಲು ಕತ್ತರಿ ಬೀಳುವುದು ಆ ಎಮ್ಮೆಗೆ. ಅವಳ ಬದುಕು ಇರುವುದೇ ಅಲ್ಲಿ ಅಲ್ವಾ?

ನಮ್ಮ ಕಡೆಯದೇ ಒಂದು ಸಂಗತಿ ಹೇಳುತ್ತೇನೆ. ಗುಳೇದಗುಡ್ಡ ಅಂದರೆ ನಮಗೆ ಖಣ ನೆನಪಾಗುತ್ತದೆ. ಅದೇ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್‌ನವರು 19ನೇ ಶತಮಾನದಲ್ಲೇ ಗುಳೇದಗುಡ್ಡಕ್ಕೆ ಬಂದು ನೆಲೆಸಿದ್ದರು. ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ನಮ್ಮ ದೇವರುಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೂ ಇರಲಿಲ್ಲ. ಆದರೆ ಕೂತು ಬರೆದರು. ವರದಿ ಬರೆದರು, ಕಾಗದ ಬರೆದರು, ಊರಿಗೆ ಕಳಿಸಿದರು. ಆ ಊರಿನವರು ಅದನ್ನು ಎಸೆಯಲಿಲ್ಲ. ಇವತ್ತಿಗೂ ಬಾಸೆಲ್‌ನ ದಫ್ತರಿನಲ್ಲಿ ಅವರ ಕಾಗದಗಳಿವೆ. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಈಗಿನ ನಿಮ್ಮ ವಿಜಯಪುರ, ಬಾಗಲಕೋಟೆ ಸೀಮೆ, ಸುಡುಗಾಡಾಯಿತು. ಆಗಿನ ವಿಷಯ ತಿಳಿಯಲು ನಾವು ಹಿಡಿಯುವುದು 1884ರ ಇಂಗ್ಲಿಷ್ ಗೆಜೆಟಿಯರ್, ಇಲ್ಲವೇ ಮಿಷನ್‌ನವರ ವರದಿ. ನಮ್ಮ ಅಜ್ಜ-ಅಮ್ಮಂದಿರು ಹೇಳಿದ್ದನ್ನು ನಾವು ಯಾಕೆ ಬರೆದಿಡಲಿಲ್ಲ?

ಬರೆದಿಟ್ಟವರೂ ಇದ್ದರು, ಅದೂ ನಿಮ್ಮ ಊರಿನಲ್ಲೇ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ನಿಮ್ಮ ಹಾಗೆ ಕಾನೂನು ಓದಿದವರು. ಮನೆ ಮನೆ, ಮಠ ಮಠ ಅಲೆದು ತಾಡೋಲೆ ಕಟ್ಟು ತಂದು ವಚನಗಳನ್ನು ಕಲೆಹಾಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ. ಶರಣರ ವಚನ ಮಹಾವೀರನ ಹೆಸರಿನ ಪ್ರೆಸ್ಸಿನಿಂದ ಹೊರಬಂತು, ಯಾರಿಗೂ ಏನೂ ಆಗಲಿಲ್ಲ! ಆಮೇಲೆ ಅವರು ಇದ್ದ ಮನೆ ಮಾರಿ ಸ್ವಂತ ಪ್ರೆಸ್ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ವಚನಗಳು ಉದ್ದವಾದವು, ಓದುಗರಿಗೆ ಬೇಸರವಾಗುತ್ತದೆ, ಸ್ವಲ್ಪ ಇಳಿಸೋಣ ಅಂತ ಅವರು ಕತ್ತರಿ ಹಿಡಿದಿದ್ದರೆ ಇವತ್ತು ನಮಗೆ ಏನು ಉಳಿಯುತ್ತಿತ್ತು?

ದುಡ್ಡಿನ ವಿಷಯ. ಸೇವೆ ಅನ್ನುವ ಹೆಸರಿನಲ್ಲಿ ಎಳೆಯರನ್ನು ಪುಕ್ಕಟೆ ದುಡಿಸುವುದು ನಿಮ್ಮ ಸಂಸ್ಥೆಯೊಂದರ ಚಾಳಿಯಲ್ಲ. 2015ರಲ್ಲಿ ವಿಶ್ವಸಂಸ್ಥೆಯಲ್ಲೇ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ ಯುವಕ ಸಂಬಳವಿಲ್ಲದೆ ಜಿನೀವಾದಲ್ಲಿ ಟೆಂಟ್ ಹಾಕಿಕೊಂಡಿದ್ದ. ಸುದ್ದಿ ಜಗತ್ತೆಲ್ಲ ಹರಡಿತು. ಹಕ್ಕುಗಳ ಬಗ್ಗೆ ದಿನವಿಡೀ ಮಾತನಾಡುವ ಕಟ್ಟಡದಲ್ಲಿ ಹುಡುಗರಿಗೆ ಕೂಲಿ ಇಲ್ಲ. ಕೊನೆಗೆ ಅಲ್ಲಿಗೆ ಹೋಗುವವರು ಯಾರು? ಅಪ್ಪನ ಹತ್ತಿರ ದುಡ್ಡಿದ್ದವರು, ಇಲ್ಲವೇ ನಿಮ್ಮ ಅಪ್ಪನಂತೆ ಸಾಲ ಮಾಡಲು ಧೈರ್ಯ ಇದ್ದವರು. ಕಿರುಕುಳ ಅನುಭವಿಸಿದವರ ಮಕ್ಕಳು ಆ ಕುರ್ಚಿಯಲ್ಲಿ ಕೂರುವುದು ಯಾವಾಗ?

ಇಲ್ಲಿಯ ಇಂಟರ್ನ್‌ಶಿಪ್ ಕಥೆ ಇನ್ನೂ ಚೆನ್ನಾಗಿದೆ. ಡಿಗ್ರಿ ಹುಡುಗರು ನಮ್ಮ ಪತ್ರಿಕೆಯ ಆಫೀಸಿಗೆ ಬರುತ್ತಾರೆ. “ಸರ, ಕೆಲಸ ಏನೂ ಬ್ಯಾಡ್ರಿ, ಬರೇ ಸೀಲ್ ಹೊಡದು ಕೊಡ್ರಿ.” ಕೂರಿಸಿ, ಮಾರ್ಕೆಟ್ಟಿಗೆ ಹೋಗಿ ಒಬ್ಬ ಹಮಾಲನ ಜೊತೆ ಮಾತಾಡಿ ಬಾ ಅಂದರೆ ಮರುದಿನ ಪತ್ತೆ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಸೌಕರ್ಯ ಎಲ್ಲರ ಜೇಬಿನಲ್ಲೂ ಇದೆ. ಕೇಳುವ ಕಿವಿ ಮಾತ್ರ ಕಾಣೆ. ಕಾಲೇಜುಗಳಿಗೂ ಸರ್ಟಿಫಿಕೇಟ್ ಬಂದರೆ ಸಾಕು, ಮಠಗಳಿಗೂ ಜಾತ್ರೆಯ ವಿಡಿಯೋ ಬಂದರೆ ಸಾಕು.

ಗೆಳತಿ ಹೋಗಲಿ. ಹೋಗುವ ಮೊದಲು ಊಟ, ವಸತಿ, ಸಂಬಳದ ವಿಷಯ ಬರಹದಲ್ಲಿ ಕೇಳಲಿ, ನಾಚಿಕೆ ಬೇಡ. ಜನರ ಹೇಳಿಕೆಗಳನ್ನು ಆಮೇಲೆ ಎಲ್ಲಿ ಇಡುತ್ತೀರಿ ಅಂತಲೂ ಕೇಳಲಿ. ನೀವು ಮಾತ್ರ ಅವನ್ನು ನನಗೆ ಕಳಿಸಬೇಡಿ. ಅದರಲ್ಲಿ ಹೆಸರುಗಳಿರುತ್ತವೆ, ಆ ಹೆಸರಿನ ಜನರ ಜೀವದ ಪ್ರಶ್ನೆ.

ನಿಮಗೆ ಬೇರೆ ಕೆಲಸ ಇದೆ. ಆಲಮಟ್ಟಿ ಹಿನ್ನೀರಿಗೆ ಎರಡೂ ಜಿಲ್ಲೆಯ ಊರುಗಳು ಹೋದವು. ಮುಳುಗಡೆ ಊರಿನವರು ಮನೆಯ ಜೊತೆ ದೇವರನ್ನೂ ಎತ್ತಿಕೊಂಡು ಬರಬೇಕಾಯಿತು. ಯಾವ ಗುಡಿ ಬಂತು, ಯಾವ ದರ್ಗಾ ಅಲ್ಲೇ ಉಳಿಯಿತು, ಹೊಸ ಊರಿನಲ್ಲಿ ಯಾರ ದೇವರಿಗೆ ಎಲ್ಲಿ ಜಾಗ ಸಿಕ್ಕಿತು ಅನ್ನುವುದನ್ನು ಕಂಡವರು ಪುನರ್ವಸತಿ ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ವಯಸ್ಸಾಗಿದೆ. ಒಬ್ಬ ಅಮ್ಮನ ಹತ್ತಿರ ಹೋಗಿ ಕೂತು, ಅವರು ಹೇಳಿದಷ್ಟನ್ನೂ ಬರೆದುಕೊಂಡು ಬನ್ನಿ. ಎಮ್ಮೆಯ ವಿಷಯ ಬಂದರೆ ಅದೂ ಇರಲಿ. ಪುಟದ ಲೆಕ್ಕ ನಾನು ಕೇಳುವುದಿಲ್ಲ. ಗೌರವಧನ ಕೊಡುತ್ತೇವೆ, ದೊಡ್ಡದಲ್ಲ. ಬಸ್ ಚಾರ್ಜ್ ಬೇರೆ. ಬರಹ ಮುಂದಿನ ತಿಂಗಳ 20ರೊಳಗೆ ಕೈಸೇರಲಿ.

— ಸಂ.