ಮದುವೆಯಾದ ಮೊದಲ ವರ್ಷ ಕೆಲಸ, ಮನೆ, ಹವ್ಯಾಸ ಮೂರೂ ಒಟ್ಟಿಗೆ ನಡೆಯುತ್ತವೆಯೇ?

ನಿಮ್ಮ ಮದುವೆ ಹತ್ತಿರ ಬಂದಿದೆ, ಇಬ್ಬರೂ ಕೆಲಸಕ್ಕೆ ಹೋಗುವವರು, ಹವ್ಯಾಸಗಳು ಬೇರೆ ಬೇರೆ. ಮೊದಲ ವರ್ಷದಲ್ಲೇ ಅವೆಲ್ಲ ಮೂಲೆ ಸೇರುತ್ತವಾ, ಇಬ್ಬರೂ ಸೇರಿ ಒಂದೇ ಹವ್ಯಾಸ ಹಿಡಿಯಬೇಕಾ ಅಂತ ಕೇಳಿದ್ದೀರಿ. ನಮ್ಮದು ಈಗಷ್ಟೇ ಒಂದು ವರ್ಷ ಮುಗಿಯಿತು. ನನ್ನ ವಯಲಿನ್ನೂ ಉಳಿದಿದೆ, ಇವರ ಟೆಲಿಸ್ಕೋಪೂ ಉಳಿದಿದೆ. ಉಳಿದದ್ದು ಮುಖ್ಯವಾಗಿ ನಾವು ಮನೆಗೆಲಸ ಹಂಚಿಕೊಂಡ ರೀತಿಯಿಂದ. ಹಾಗಾಗಿ ಮೊದಲು ಆ ಮಾತು.

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೇನೆ. ಪಾಳಿ ಬದಲಾಗುತ್ತಿರುತ್ತದೆ, ರಾತ್ರಿ ಪಾಳಿಯೂ ಬರುತ್ತದೆ. ಇವರು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಕೆಲವು ವಾರ ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗುವ ಸಮಯ. ಹೀಗಿರುವಾಗ "ಒಂದು ದಿನ ನೀನು, ಒಂದು ದಿನ ನಾನು" ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಟ್ಟೆ ಒಗೆಯಲು ಇಬ್ಬರೂ ತಯಾರು. ಆದರೆ ನಾಳೆಗೆ ಯೂನಿಫಾರ್ಮ್ ಬೇಕು, ಸೋಪಿನ ಪುಡಿ ಮುಗಿಯುತ್ತಾ ಬಂದಿದೆ ಅಂತ ನೆನಪಿಟ್ಟುಕೊಳ್ಳುವವರು ಯಾರು? "ಹೇಳಿದ್ದರೆ ಮಾಡುತ್ತಿದ್ದೆನಲ್ಲ" ಅನ್ನುವ ಮಾತು ನಮ್ಮ ಮನೆಯಲ್ಲೂ ಬಂದಿದೆ. ಹೇಳುವುದೇ ಒಂದು ಕೆಲಸ ಅಲ್ವಾ?

ಆಲಿಸನ್ ಡಾಮಿಂಗರ್ ಎಂಬ ಸಮಾಜಶಾಸ್ತ್ರಜ್ಞೆ ಗಂಡ ಹೆಂಡಿರನ್ನು ಮಾತಾಡಿಸಿ 2019ರಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದರು. ಮನೆ ನಡೆಸುವ ತಲೆಗೆಲಸವನ್ನು ಅವರು ನಾಲ್ಕು ಭಾಗ ಮಾಡುತ್ತಾರೆ. ಮುಂದೆ ಏನು ಬೇಕಾದೀತು ಅಂತ ಯೋಚಿಸುವುದು, ಅದಕ್ಕೆ ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ನೋಡಿಕೊಳ್ಳುವುದು. ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಡತಿಯ ಪಾಲಿಗೆ ಬರುತ್ತವಂತೆ. ತೀರ್ಮಾನದಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಸಮ. ಗಂಡಸರು ಸರಿಯಾಗಿ ಆ ಹೊತ್ತಿಗೆ ಹಾಜರು! (ಇವರೂ ಇದನ್ನು ಓದಿ ನಕ್ಕರು, ಪರವಾಗಿಲ್ಲ.)

ಹಾಗಾಗಿ ನಾವು ಒಂದೊಂದು ಕೆಲಸವನ್ನು ತಲೆಯಿಂದ ಬಾಲದವರೆಗೆ ಒಬ್ಬರಿಗೇ ಬಿಟ್ಟೆವು. ಬಟ್ಟೆ ಇವರದು. ಅಂದರೆ ಒಗೆಯುವುದು, ಒಣಗಿಸುವುದು, ಮಡಚಿಡುವುದು, ಪುಡಿ ತರುವುದು, ಮೆಷಿನ್ ಕೆಟ್ಟರೆ ರಿಪೇರಿಯವರಿಗೆ ಫೋನ್ ಮಾಡುವುದು, ಎಲ್ಲ. ನಾನು ಆ ಕಡೆ ತಲೆ ಹಾಕುವುದಿಲ್ಲ. ಬಿಲ್ಲು, ಬಾಡಿಗೆ, ಕಾಗದಪತ್ರ ನನ್ನವು. ಅಡುಗೆ ಮಾತ್ರ ಹೀಗೆ ಹಂಚಲು ಬರಲಿಲ್ಲ. ಅದು ಆ ದಿನ ಮನೆಯಲ್ಲಿದ್ದವರ ಪಾಲು. ಇದರಲ್ಲಿ ನಿಜವಾಗಿ ಕಷ್ಟವಾದದ್ದು ಇನ್ನೊಬ್ಬರು ಮಾಡಿದ ರೀತಿಯನ್ನು ತಿದ್ದದೆ ಸುಮ್ನೆ ಇರುವುದು. ಇವರು ಮಡಚುವ ಟವೆಲ್ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಆದರೆ ತಿದ್ದಲು ಹೋದರೆ ಬಟ್ಟೆಯ ಯೋಚನೆ ಪೂರ್ತಿ ವಾಪಸ್ ನನ್ನ ತಲೆಗೇ ಬರುತ್ತದೆ.

ನಿದ್ದೆಗೂ ಇದೇ ರೀತಿ ಗಟ್ಟಿ ನಿಯಮ ಬೇಕಾಯಿತು. ಹಗಲು ಮಲಗಿದರೆ ರಾತ್ರಿಯಷ್ಟು ಉದ್ದದ ನಿದ್ದೆ ಬರುವುದಿಲ್ಲ, ಏಕೆಂದರೆ ಮೈಯೊಳಗಿನ ಗಡಿಯಾರ ಬೆಳಕು ನೋಡಿಕೊಂಡು ನಡೆಯುತ್ತದೆ. ಕಿಟಕಿಗೆ ದಪ್ಪ ಪರದೆ, ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ, ಕರೆಗಂಟೆ ಬಂದ್. ಯಾರಾದರೂ ಪಾಳಿ ಕೆಲಸದವರನ್ನು ಮದುವೆಯಾಗುತ್ತಿದ್ದರೆ ಮೊದಲು ಪರದೆ ಕೊಳ್ಳಿ ಅಂತ ಹೇಳುತ್ತೇನೆ.

ಈಗ ಹವ್ಯಾಸ. ಇವರದು ಆರು ಇಂಚಿನ ಕನ್ನಡಿಯ ಟೆಲಿಸ್ಕೋಪ್. ಅರ್ಧ ಗಂಟೆ ಬಿಡುವು ಸಿಕ್ಕಿತು, ಒಂದಿಷ್ಟು ನೋಡಿ ಬರೋಣ ಅನ್ನುವಂಥದ್ದಲ್ಲ. ಹೊರಗಿಟ್ಟ ಮೇಲೆ ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು, ಅಲ್ಲಿಯವರೆಗೆ ಚಿತ್ರ ನಡುಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ಬೆಳಗಿಸಿದರೆ ಮತ್ತೆ ಮೊದಲಿನಿಂದ. ಮಸುಕಾದ ನೀಹಾರಿಕೆಗಳನ್ನು ನೋಡಬೇಕಾದರೆ ಬೆಳದಿಂಗಳೂ ಇರಬಾರದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಅಂದರೆ ಈ ಹವ್ಯಾಸಕ್ಕೆ ತಿಂಗಳಲ್ಲಿ ಕೆಲವೇ ರಾತ್ರಿ ಸಾಕು, ಆದರೆ ಅವು ಇಡೀ ರಾತ್ರಿಗಳು.

ನನ್ನ ವಯಲಿನ್ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಗಿಟಾರಿನ ಹಾಗೆ ಅಡ್ಡ ಪಟ್ಟಿಗಳಿಲ್ಲ, ಬೆರಳು ಎಲ್ಲಿಡಬೇಕು ಅನ್ನುವುದು ಕೈಗೇ ನೆನಪಿರಬೇಕು. ಹಾಗಾಗಿ ದಿನಾ ಸ್ವಲ್ಪ ಹೊತ್ತು ಸಾಕು, ಆದರೆ ಬಿಡುವ ಹಾಗಿಲ್ಲ. ಒಂದು ವಾರ ಬಿಟ್ಟರೆ ಶ್ರುತಿ ಎಲ್ಲೋ, ಬೆರಳು ಎಲ್ಲೋ. ಇವರು ಉತ್ತರ ಪತ್ರಿಕೆ ತಿದ್ದುವಾಗ ವಯಲಿನ್ನಿನ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಮೇಲೆ ರಬ್ಬರಿನ ದಪ್ಪ ಮ್ಯೂಟ್ ಸಿಕ್ಕಿಸುತ್ತೇನೆ. ನಾದ ಮಂಕಾಗುತ್ತದೆ, ಆದರೆ ಪಕ್ಕದ ಕೋಣೆಗೆ ಅಷ್ಟಾಗಿ ಕೇಳಿಸುವುದಿಲ್ಲ.

ತಿಂಗಳ ಪಾಳಿ ಪಟ್ಟಿ ಬಂದ ಕೂಡಲೇ ಅದನ್ನೂ ಚಂದ್ರನ ಕ್ಯಾಲೆಂಡರನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತೇವೆ. ಕೇಳಿಕೊಳ್ಳಲು ಅವಕಾಶವಿದ್ದರೆ ನನ್ನ ರಾತ್ರಿ ಪಾಳಿಯನ್ನು ಅಮಾವಾಸ್ಯೆಯ ಆಸುಪಾಸಿಗೆ, ಅದರಲ್ಲೂ ವಾರದ ಕೊನೆಗೆ ಹಾಕಿಸಿಕೊಳ್ಳುತ್ತೇನೆ. ನಾನು ಲ್ಯಾಬಿನಲ್ಲಿರುವ ರಾತ್ರಿ ಇವರು ಆಕಾಶದ ಕೆಳಗೆ. ಮರುದಿನ ಇಬ್ಬರೂ ಒಂದೇ ಹೊತ್ತಿಗೆ ಗೊರಕೆ. ಹುಣ್ಣಿಮೆಯ ಕಡೆಯ ರಾತ್ರಿಗಳು ಇಬ್ಬರಿಗೂ ಖಾಲಿ, ಆಗ ಒಟ್ಟಿಗೆ ಎಲ್ಲಾದರೂ ಹೋಗುತ್ತೇವೆ. ಮೋಡ ಬಂದರೆ ಮಾತ್ರ ಎಲ್ಲ ಲೆಕ್ಕ ತಲೆಕೆಳಗು, ಮೇಷ್ಟ್ರ ಮುಖ ನೋಡಲಾಗುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದು. ಮನೆ ಖರ್ಚು ತೆಗೆದಿಟ್ಟ ಮೇಲೆ ಇಬ್ಬರಿಗೂ ಹವ್ಯಾಸಕ್ಕೆ ಅಂತ ಒಂದೇ ಮೊತ್ತ. ಅದರಲ್ಲಿ ಕೊಂಡದ್ದಕ್ಕೆ ಯಾರೂ ಲೆಕ್ಕ ಕೇಳುವ ಹಾಗಿಲ್ಲ.

ಒಂದೇ ಹವ್ಯಾಸ ಬೇಕಾ ಅನ್ನುವುದಕ್ಕೆ ನನ್ನ ಉತ್ತರ: ಬೇಡ. ಶನಿಯ ಬಳೆಯನ್ನೋ ಗುರುವಿನ ನಾಲ್ಕು ಚಂದ್ರರನ್ನೋ ತೋರಿಸಲು ಇವರು ಕರೆದಾಗ ಹೋಗುತ್ತೇನೆ. ನೋಡಿ ಖುಷಿಪಟ್ಟು ಬೇಗ ಒಳಗೆ ಬರುತ್ತೇನೆ. ನಾನು ನುಡಿಸುವಾಗ ಇವರೂ ಕೇಳುತ್ತಾರೆ, ಅಪಸ್ವರ ಯಾವುದು ಅಂತ ಗೊತ್ತಾಗುವುದಿಲ್ಲ. ಅದು ನನಗೆ ಅನುಕೂಲವೇ.

ನಿಮ್ಮಿಬ್ಬರ ಹವ್ಯಾಸ ಏನು ಅಂತ ಬರೆದಿಲ್ಲ. ಯಾವುದಕ್ಕೆ ದಿನಾ ಸ್ವಲ್ಪ ಹೊತ್ತು ಬೇಕು, ಯಾವುದಕ್ಕೆ ಅಪರೂಪಕ್ಕೆ ಇಡೀ ದಿನ ಬೇಕು, ಯಾವುದು ಸದ್ದು ಮಾಡುತ್ತದೆ, ಯಾವುದು ಜಾಗ ತಿನ್ನುತ್ತದೆ ಅಂತ ಮದುವೆಗೆ ಮೊದಲೇ ಕೂತು ಮಾತಾಡಿಕೊಳ್ಳಿ. ಇಲ್ಲೇ ಕೆಳಗೆ ಬರೆದರೆ ನನಗೆ ಹೊಳೆದದ್ದನ್ನೂ ಹೇಳುತ್ತೇನೆ.