ಆಪ್ತಸಲಹೆ ಪ್ರಕರಣ: ‘ಗ್ರಂಥವೇ ಹೀಗೆ ಹೇಳುವಾಗ ನಾನೇನು ಮಾಡಲಿ?’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಬಂದಾತ ಇಪ್ಪತ್ತರ ಹರೆಯದ ಯುವಕ. ಭಕ್ತಿವಂತ ಕ್ರೈಸ್ತ ಕುಟುಂಬ; ಆತನೂ ಚಿಕ್ಕಂದಿನಿಂದ ಸಭೆಯ (ಚರ್ಚಿನ) ಗಾಯನವೃಂದದಲ್ಲಿ ಹಾಡುತ್ತಾ ಬಂದವನು. ತಾನು ಸಲಿಂಗಿ ಎಂಬುದು ಹದಿಹರೆಯದಲ್ಲೇ ಅವನಿಗೆ ಗೊತ್ತಾಗಿತ್ತು. ಮನೆಯವರಿಗೆ ತಿಳಿದದ್ದು ಮಾತ್ರ ಈಚೆಗೆ. ಅಂದಿನಿಂದ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ತಂದೆ ಓದುತ್ತಿದ್ದದ್ದು ಒಂದೇ ವಚನ: ಬೈಬಲಿನ ಯಾಜಕಕಾಂಡದ 20ನೆಯ ಅಧ್ಯಾಯದ 13ನೆಯದು. ಗಂಡಸು ಗಂಡಸಿನೊಡನೆ ಮಲಗಿದರೆ ಇಬ್ಬರಿಗೂ ಮರಣವೇ ಶಿಕ್ಷೆ ಎನ್ನುವ ವಚನ. ಅವರು ಬೈಯುತ್ತಿರಲಿಲ್ಲ, ಮಗನ ಮುಖವನ್ನೂ ನೋಡುತ್ತಿರಲಿಲ್ಲ. ಓದಿ, ಪುಸ್ತಕ ಮುಚ್ಚಿ, ಎದ್ದು ಹೋಗುತ್ತಿದ್ದರು.

“ನಂಬಿಕೆ ಬಿಡಲು ನನ್ನಿಂದ ಆಗದು. ಹಾಗಾದರೆ ಗ್ರಂಥ ನನ್ನ ಬಗ್ಗೆ ಹೇಳಿದ್ದನ್ನೂ ಒಪ್ಪಲೇಬೇಕಲ್ಲವೇ?” ಇದು ಆತನ ಪ್ರಶ್ನೆ.

ಉತ್ತರಕ್ಕೆ ಮುಂಚೆ ಇನ್ನೊಂದು ಕೆಲಸವಿತ್ತು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದಿದ್ದ. ಸಾಯಬೇಕು ಎನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. “ಬೆಳಿಗ್ಗೆ ಎಚ್ಚರವಾಗದಿದ್ದರೆ ಸಾಕು ಅನಿಸುತ್ತದೆ” ಎಂದ. ಅಪರಾತ್ರಿಯಲ್ಲೂ ಯಾರಿಗೆ ಕರೆ ಮಾಡಬಹುದು ಎಂಬುದನ್ನು ಅಂದೇ ಗೊತ್ತುಮಾಡಿಕೊಂಡೆವು. ಮನೋವೈದ್ಯರನ್ನು ಕಾಣುವ ವ್ಯವಸ್ಥೆಯೂ ಆಯಿತು.

ಇನ್ನು ಗ್ರಂಥದ ಮಾತು. ಅದರಲ್ಲಿ ಹಾಗೇನೂ ಇಲ್ಲ ಎಂದು ಸಮಾಧಾನ ಹೇಳಲು ನಾನು ಸಿದ್ಧಳಿರಲಿಲ್ಲ. ಇದೆ. ಬೈಬಲಿನಲ್ಲೇ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲೂ ಇದೆ. ಕುರ್‌ಆನ್‌ನಲ್ಲಿ ಗಂಡಸರನ್ನೇ ಕಾಮಿಸಿ ದೇವರ ಕೋಪಕ್ಕೆ ಗುರಿಯಾದ ಲೂತ್ ಪ್ರವಾದಿಯ ಜನರ ಕಥೆ ಇದೆ. ಮನುಸ್ಮೃತಿಯ 11ನೆಯ ಅಧ್ಯಾಯವಂತೂ ಗಂಡಸರ ಕೂಟವನ್ನು ಒಂದೆಡೆ ಜಾತಿ ಕೆಡಿಸುವ ಪಾಪಗಳ ಸಾಲಿಗೆ ಸೇರಿಸಿ, ಇನ್ನೊಂದೆಡೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕೆಂದಷ್ಟೇ ವಿಧಿಸುತ್ತದೆ. ಇಂತಹ ಮಾತುಗಳು ಶತಮಾನಗಳಿಂದ ದ್ವೇಷಕ್ಕೆ ಬಲ ಕೊಟ್ಟಿವೆ. ಅದನ್ನು ಮರೆಮಾಚಿದ್ದರೆ ಬೈಬಲನ್ನು ನನಗಿಂತ ಚೆನ್ನಾಗಿ ಬಲ್ಲ ಆ ಯುವಕ ನನ್ನನ್ನು ನಂಬುತ್ತಿರಲಿಲ್ಲ.

ಅದೇ ಅಧ್ಯಾಯವನ್ನು ಸ್ವಲ್ಪ ಹಿಂದಿನಿಂದ ಓದಿ ಎಂದೆ. ಮೊಬೈಲ್ ತೆರೆದು ಓದಿದ. 9ನೆಯ ವಚನ ತಂದೆತಾಯಿಯನ್ನು ಶಪಿಸಿದವನಿಗೆ ಮರಣಶಿಕ್ಷೆ ಎನ್ನುತ್ತದೆ. 10ನೆಯದು ವ್ಯಭಿಚಾರಕ್ಕೂ ಅದನ್ನೇ ವಿಧಿಸುತ್ತದೆ. “ಈ 10ನೆಯ ವಚನವನ್ನು ನಿಮ್ಮ ಸಭೆಯಲ್ಲಿ ಯಾರ ಮುಂದಾದರೂ ಹೀಗೆ ದಿನವೂ ಓದಿದ್ದುಂಟೇ?” ಆತ ಬಹಳ ಹೊತ್ತು ಸುಮ್ಮನಿದ್ದ. ಅಂಥ ಒಬ್ಬರಿದ್ದರು ಎಂದ ಕೊನೆಗೆ. ಅವರಿಗಾಗಿ ಎಲ್ಲರೂ ಪ್ರಾರ್ಥಿಸಿದ್ದರು, ತಂದೆಯೇ ಅವರ ಮನೆಗೆ ಹೋಗಿ ಗಂಡಹೆಂಡಿರನ್ನು ಕೂರಿಸಿ ಮಾತಾಡಿದ್ದರು, ಇಂದಿಗೂ ಅವರು ಎಲ್ಲರ ನಡುವೆಯೇ ಕೂರುತ್ತಾರೆ.

ದೇವರು ನಾಶಮಾಡಿದ ಊರೆಂದು ಬೈಬಲ್ ಹೇಳುವ ಸೊದೋಮನ್ನು ಸಲಿಂಗಕಾಮದ ಪಾಪಕ್ಕೆ ಉದಾಹರಣೆಯಾಗಿ ತೋರಿಸುವವರಿದ್ದಾರೆ. ಆ ಸೊದೋಮಿನ ಪಾಪ ಯಾವುದು ಎಂಬುದಕ್ಕೆ ಬೈಬಲಿನದೇ ಯೆಹೆಜ್ಕೇಲನ ಗ್ರಂಥದ 16ನೆಯ ಅಧ್ಯಾಯ ಕೊಡುವ ಉತ್ತರವನ್ನೂ ಆತನೇ ಹುಡುಕಿ ಓದಿದ: ಸೊಕ್ಕು, ಹೊಟ್ಟೆತುಂಬಿದ ನೆಮ್ಮದಿ, ಬಡವರ ಕೈಹಿಡಿಯದಿದ್ದದ್ದು. ವಚನಗಳು ಪುಸ್ತಕದಲ್ಲಿವೆ, ನಿಜ. ಯಾವುದನ್ನು ಯಾರ ಎದುರು ಓದಬೇಕು, ಯಾವುದನ್ನು ಕರುಣೆಯಿಂದ ದಾಟಬೇಕು ಎಂದು ತೀರ್ಮಾನಿಸುವವರು ಓದುವವರು. ನನ್ನ ದೃಷ್ಟಿಯಲ್ಲಿ ಪೂರ್ವಗ್ರಹ ಕೆಲಸ ಮಾಡುವುದು ಆ ಆಯ್ಕೆಯಲ್ಲಿ.

ನಾನು ಕೊಟ್ಟ ಸಲಹೆ ಹೀಗಿತ್ತು. ತಂದೆಯೊಡನೆ ವಚನಕ್ಕೆ ವಚನ ಹೇಳಿ ವಾದಕ್ಕೆ ಇಳಿಯಬೇಡಿ. ಅಲ್ಲಿ ಗೆದ್ದರೂ ಸಂಬಂಧ ಸೋಲುತ್ತದೆ. ನೋವು ಕೊಡುವ ಪ್ರಾರ್ಥನೆಯಿಂದ ಎದ್ದು ಹೋಗುವುದು ದೇವರಿಗೆ ಬೆನ್ನು ಮಾಡಿದಂತಲ್ಲ. ‘ಸರಿಪಡಿಸುತ್ತೇವೆ’ ಎನ್ನುವವರ ಬಳಿ ಯಾರೇ ಕರೆದರೂ ಹೋಗಕೂಡದು: ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗಾಸಕ್ತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿವೆ, ಅಂಥ ‘ಚಿಕಿತ್ಸೆ’ಯಿಂದ ಹಾನಿಯೇ ಆಗುತ್ತದೆ. ನಂಬಿಕೆಯನ್ನೂ ತಮ್ಮತನವನ್ನೂ ಒಟ್ಟಿಗೆ ಉಳಿಸಿಕೊಂಡವರನ್ನು ಹುಡುಕಿ ಎಂದೂ ಹೇಳಿದೆ. ಅಮೆರಿಕದ ಎಪಿಸ್ಕೋಪಲ್ ಸಭೆ ಎಂಬ ಕ್ರೈಸ್ತ ಪಂಗಡ ಬಹಿರಂಗವಾಗಿ ಸಲಿಂಗಿಯಾಗಿದ್ದ ಜೀನ್ ರಾಬಿನ್‌ಸನ್ ಅವರಿಗೆ 2003ರಲ್ಲೇ ಬಿಷಪ್ ಪಟ್ಟ ಕೊಟ್ಟದ್ದು ಆತನಿಗೆ ತಿಳಿದಿರಲಿಲ್ಲ. ಆ ಹೆಸರನ್ನು ಕೇಳಿ ಬರೆದುಕೊಂಡ.

ಆತನ ಒಪ್ಪಿಗೆ ಪಡೆದು ತಂದೆಯನ್ನು ಬೇರೆಯಾಗಿ ಕಂಡೆ. “ದೇವರ ವಾಕ್ಯವನ್ನು ತಿದ್ದಲು ಹೊರಟಿದ್ದೀರಾ ಮೇಡಂ?” ಎಂದು ಸಿಟ್ಟಿನಿಂದಲೇ ಶುರುಮಾಡಿದರು. ನಿಮ್ಮ ನಂಬಿಕೆ ಬದಲಾಗಬೇಕೆಂದು ನಾನು ಕೇಳುತ್ತಿಲ್ಲ ಎಂದೆ. ಮನೆಯವರೇ ದೂರ ತಳ್ಳಿದ ಮಕ್ಕಳಲ್ಲಿ ಖಿನ್ನತೆಯೂ ಆತ್ಮಹತ್ಯೆಯ ಯತ್ನವೂ ಹೆಚ್ಚು ಎಂಬುದನ್ನು ವಿವರಿಸಿದೆ. ಮಗ ಅನುಮತಿಸಿದ್ದರಿಂದ, ಆತ ಎಚ್ಚರವಾಗದಿರಲಿ ಎಂದು ಬಯಸಿ ಮಲಗುತ್ತಿದ್ದುದನ್ನೂ ತಿಳಿಸಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕನ್ನಡಕವನ್ನು ಮಡಚುತ್ತ, ಬಿಡಿಸುತ್ತ ಕುಳಿತರು.

ಆ ವಚನವನ್ನು ಮನೆಯ ಪ್ರಾರ್ಥನೆಯಲ್ಲಿ ಓದುವುದಿಲ್ಲ ಎಂದು ಒಪ್ಪಿ ಹೋದರು. ಅದಕ್ಕಿಂತ ಹೆಚ್ಚೇನನ್ನೂ ಒಪ್ಪಲಿಲ್ಲ; ಮಗನದು ಪಾಪವೆಂಬ ಅವರ ಅಭಿಪ್ರಾಯ ಹಾಗೆಯೇ ಇದೆ. ಮಗನಿಗೆ ನಿದ್ದೆ ಸುಧಾರಿಸಿದೆ, ಮನೋವೈದ್ಯರ ಭೇಟಿ ಮುಂದುವರಿದಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಇನ್ನೂ ಬಾಕಿ ಇದೆ.