ನೆಬ್ರಾಸ್ಕಾದಲ್ಲಿ ಎರಡನೇ ಸದನ ಯಾಕಿಲ್ಲ?

ಪ್ರಶ್ನೆ: ಮಗ, ಸೊಸೆ ಒಮಾಹದಲ್ಲಿದ್ದಾರೆ. ಅವರ ಜೊತೆ ಲಿಂಕನ್‌ಗೆ ಹೋಗಿ ನೆಬ್ರಾಸ್ಕಾ ರಾಜ್ಯದ ಕ್ಯಾಪಿಟಲ್ ಕಟ್ಟಡ ನೋಡಿ ಬಂದೆ. ಒಳಗೆ ಎರಡು ದೊಡ್ಡ ಸಭಾಂಗಣಗಳಿವೆ. ಶಾಸಕರು ಕೂರುವುದು ಒಂದರಲ್ಲಿ ಮಾತ್ರವಂತೆ. ಇನ್ನೊಂದು ಸದನವನ್ನು ಯಾಕೆ ತೆಗೆದರು? ನಮ್ಮಲ್ಲೂ ವಿಧಾನ ಪರಿಷತ್ತು ಬೇಕೋ ಬೇಡವೋ ಅನ್ನೋ ಮಾತು ಆಗಾಗ ಬರುತ್ತಲ್ಲ, ಅದಕ್ಕೇ ಕೇಳಿದೆ.
ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನೀವು ನೋಡಿದ ಆ ಇನ್ನೊಂದು ಸಭಾಂಗಣವನ್ನು ಸೆನೆಟ್‌ಗೆಂದೇ, ಅಂದರೆ ರಾಜ್ಯದ ಮೇಲ್ಮನೆಗೆಂದೇ ಕಟ್ಟಿದ್ದರು ಮೇಡಂ. ಕ್ಯಾಪಿಟಲ್ ಕೆಲಸ ಶುರುವಾಗಿದ್ದು 1922ರಲ್ಲಿ, ಮುಗಿದಿದ್ದು 1932ರಲ್ಲಿ. ಆಗ ನೆಬ್ರಾಸ್ಕಾದಲ್ಲೂ ಬೇರೆ ರಾಜ್ಯಗಳ ಹಾಗೆ ಎರಡು ಸದನ ಇದ್ದವು. ಕಟ್ಟಡ ಮುಗಿದು ಎರಡೇ ವರ್ಷಕ್ಕೆ, 1934ರ ನವೆಂಬರ್‌ನಲ್ಲಿ, ಒಂದು ಸದನ ಸಾಕು ಅಂತ ಜನರೇ ಮತ ಹಾಕಿ ತೀರ್ಮಾನಿಸಿದರು. ಪರವಾಗಿ ಸುಮಾರು 2 ಲಕ್ಷ 86 ಸಾವಿರ ಮತ, ವಿರುದ್ಧ ಸುಮಾರು 1 ಲಕ್ಷ 93 ಸಾವಿರ. ಇವತ್ತಿಗೂ ಅಮೆರಿಕದ 50 ರಾಜ್ಯಗಳಲ್ಲಿ ಒಂದೇ ಸದನ ಇರುವುದು ಇಲ್ಲಿ ಮಾತ್ರ.

ಇದರ ಹಿಂದೆ ಇದ್ದವರು ಜಾರ್ಜ್ ನಾರಿಸ್. ನೆಬ್ರಾಸ್ಕಾದಿಂದ ವಾಷಿಂಗ್ಟನ್‌ಗೆ ಆರಿಸಿಹೋಗಿದ್ದ ಸೆನೆಟರ್. ರಿಪಬ್ಲಿಕನ್ ಪಕ್ಷದವರಾಗಿದ್ದರೂ ಪಕ್ಷದ ಮಾತಿಗೆ ಸುಮ್ನೆ ತಲೆಯಾಡಿಸಿದವರಲ್ಲ. 1910ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿದ್ದಾಗ, ಅಲ್ಲಿನ ಸ್ಪೀಕರ್ ಆಗಿದ್ದ ತಮ್ಮದೇ ಪಕ್ಷದ ಜೋಸೆಫ್ ಕ್ಯಾನನ್ ಅವರ ಸರ್ವಾಧಿಕಾರವನ್ನು ಮುರಿದವರು ಇವರೇ. 1934ರಲ್ಲಿ ಎಪ್ಪತ್ತು ದಾಟಿದ್ದ ಈ ಮನುಷ್ಯ ಕಾರಿನಲ್ಲಿ ಊರೂರು ಸುತ್ತಿ ಭಾಷಣ ಮಾಡಿದರು. ಎರಡು ಸೆಟ್ ಟೈರ್ ಸವೆದುಹೋದವು ಅಂತ ಅಲ್ಲಿನವರು ಈಗಲೂ ಹೇಳುತ್ತಾರೆ.

ಖರ್ಚು ಉಳಿಸಲು ಹೀಗೆ ಮಾಡಿದರು ಅಂತ ಎಷ್ಟೋ ಕಡೆ ಓದಿರುತ್ತೀರಿ. ಅದು ಅರ್ಧ ನಿಜ. ಅದು 1930ರ ದಶಕದ ಆರ್ಥಿಕ ಮಹಾಕುಸಿತದ ಕಾಲ, ರೈತರ ಕೈಯಲ್ಲಿ ದುಡ್ಡಿರಲಿಲ್ಲ, ಆ ವಾದ ಜನರಿಗೆ ಹಿಡಿಸಿತು. ಆದರೆ ನಾರಿಸ್ ಅವರ ನಿಜವಾದ ಸಿಟ್ಟು ಇದ್ದದ್ದು ಬೇರೆ ಕಡೆ. ಎರಡು ಸದನಗಳು ಒಂದೇ ಮಸೂದೆಯನ್ನು ಬೇರೆ ಬೇರೆ ರೂಪದಲ್ಲಿ ಪಾಸು ಮಾಡಿದರೆ, ಹೊಂದಾಣಿಕೆಗೆ ಒಂದು ಸಣ್ಣ ಸಮಿತಿ ಕೂರುತ್ತಿತ್ತು. ಐದಾರು ಜನ, ಬಾಗಿಲು ಹಾಕಿದ ಕೋಣೆ. ಅಲ್ಲಿಂದ ಬಂದದ್ದನ್ನು ಸದನಗಳು ತಿದ್ದುವ ಹಾಗಿಲ್ಲ. ಒಪ್ಪಬೇಕು, ಇಲ್ಲ ಪೂರ್ತಿ ಬಿಡಬೇಕು. ಜನರಿಗೆ ಬೇಕಾದ ಕಾನೂನು ಆ ಕೋಣೆಯಲ್ಲಿ ಸತ್ತರೆ ಯಾರನ್ನು ಕೇಳುವುದು? ಈ ಸದನದವರು ಆ ಸದನದ ಕಡೆ ಬೆರಳು ತೋರಿಸುತ್ತಿದ್ದರು, ಆ ಸದನದವರು ಈ ಕಡೆ. ಎರಡು ಸದನದವರೂ ಅದೇ ಜನರಿಂದ ಆರಿಸಿಬಂದು ಅದೇ ಕೆಲಸ ಮಾಡುವಾಗ ಎರಡು ಯಾಕೆ ಬೇಕು ಅನ್ನೋದು ಅವರ ಪ್ರಶ್ನೆ.

ನಿಮ್ಮ ಪರಿಷತ್ತಿನ ಮಾತಿಗೆ ಬರೋಣ. ಹೋಲಿಸುವಾಗ ಒಂದು ದೊಡ್ಡ ವ್ಯತ್ಯಾಸ ನೆನಪಿರಲಿ. ನಮ್ಮ ಪರಿಷತ್ತು ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದು ಅಷ್ಟೇ, ಕೊನೆಗೆ ವಿಧಾನಸಭೆಯದೇ ಮಾತು. ಅಮೆರಿಕದ ರಾಜ್ಯಗಳಲ್ಲಿ ಸೆನೆಟ್ ಬೇಡ ಅಂದರೆ ಮಸೂದೆ ಅಲ್ಲಿಗೇ ಮುಗಿಯಿತು. ಹಾಗಾಗಿ ನೆಬ್ರಾಸ್ಕಾದ ವಾದವನ್ನು ಎತ್ತಿ ತಂದು ಬೆಂಗಳೂರಿನಲ್ಲಿ ಇಟ್ಟರೆ ಪೂರ್ತಿ ಹೊಂದುವುದಿಲ್ಲ.

1937ರ ಜನವರಿಯಲ್ಲಿ ಹೊಸ ಸದನ ಸೇರಿತು. ಮೊದಲು ಎರಡೂ ಸದನ ಸೇರಿ 133 ಜನ ಇದ್ದರು, ಹೊಸದರಲ್ಲಿ 43. ಹಿಂದಿನ ಅಧಿವೇಶನಕ್ಕೆ ಸುಮಾರು 2 ಲಕ್ಷ ಡಾಲರ್ ಖರ್ಚಾಗಿದ್ದರೆ ಇದಕ್ಕೆ ಸುಮಾರು 1 ಲಕ್ಷ. ಆದರೂ ಪಾಸಾದ ಮಸೂದೆಗಳು ಮೊದಲಿಗಿಂತ ಜಾಸ್ತಿ. ಇವತ್ತು ಸದಸ್ಯರ ಸಂಖ್ಯೆ 49. ಸದನ ಒಂದೇ ಆದರೂ ಅವರನ್ನು ಸೆನೆಟರ್ ಅಂತಲೇ ಕರೆಯುತ್ತಾರೆ.

ಪ್ರಶ್ನೆ: ಒಂದೇ ಸದನ ಅಂದರೆ ಬಹುಮತ ಇದ್ದವರು ಬೇಕಾದ್ದು ಮಾಡಬಹುದು ಅಲ್ವಾ? ತಪ್ಪಾದರೆ ತಡೆಯುವವರು ಯಾರು?
ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ನಾರಿಸ್ ಅವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಗವರ್ನರ್ ವೀಟೋ (ಮಸೂದೆ ತಳ್ಳಿಹಾಕುವ ಅಧಿಕಾರ) ಇದೆ, ಕೋರ್ಟು ಇದೆ ಅನ್ನುವುದು ಒಂದು ಉತ್ತರ. ಆದರೆ ನೆಬ್ರಾಸ್ಕಾದವರು ಅದಕ್ಕಿಂತ ಮೊದಲು ಹೇಳುವ ಮಾತು ಬೇರೆ: ನಮ್ಮ ಎರಡನೇ ಸದನ ಅಂದರೆ ಜನ.

ಇದು ಬರೀ ಬಾಯಿಮಾತಲ್ಲ. ಅಲ್ಲಿ ಮಂಡನೆಯಾದ ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ಸಮಿತಿಯ ಮುಂದೆ ಕೂತು ಮಾತಾಡಬಹುದು. ಬಹಳ ರಾಜ್ಯಗಳಲ್ಲಿ ಸಮಿತಿ ಅಧ್ಯಕ್ಷರಿಗೆ ಇಷ್ಟವಿಲ್ಲದ ಮಸೂದೆ ವಿಚಾರಣೆಯನ್ನೇ ಕಾಣುವುದಿಲ್ಲ. ಆಮೇಲೆ ಸದನದಲ್ಲಿ ಮೂರು ಹಂತ ದಾಟಬೇಕು. ಮಂಡನೆಗೂ ಅಂತಿಮ ಮತಕ್ಕೂ ನಡುವೆ ಕನಿಷ್ಠ ಐದು ದಿನ ಇರಲೇಬೇಕು, ರಾತ್ರೋರಾತ್ರಿ ಕಾನೂನು ಮಾಡುವ ಹಾಗಿಲ್ಲ. ನನ್ನ ಪ್ರಕಾರ ನೆಬ್ರಾಸ್ಕಾದಿಂದ ಕಲಿಯಬೇಕಾದ್ದು ಸದನಗಳ ಲೆಕ್ಕ ಅಲ್ಲ, ಈ ವಿಚಾರಣೆ.

ಜನ ನಿಜವಾಗಿ ಅಡ್ಡ ಬಂದ ಉದಾಹರಣೆಯೂ ಇದೆ. 2015ರಲ್ಲಿ ಸದನ ಮರಣದಂಡನೆಯನ್ನು ರದ್ದು ಮಾಡಿತು. ಒಮಾಹದ ಸೆನೆಟರ್ ಅರ್ನಿ ಚೇಂಬರ್ಸ್ ದಶಕಗಳಿಂದ ಇದಕ್ಕಾಗಿ ಹೋರಾಡಿದ್ದರು. ಗವರ್ನರ್ ಪೀಟ್ ರಿಕೆಟ್ಸ್ ವೀಟೋ ಹಾಕಿದರು. ವೀಟೋ ಮೀರಲು 30 ಮತ ಬೇಕು. ಬಿದ್ದದ್ದು ಸರಿಯಾಗಿ 30. ವಿರೋಧಿಗಳು ಅಷ್ಟಕ್ಕೇ ಬಿಡಲಿಲ್ಲ. ಸಹಿ ಸಂಗ್ರಹಿಸಿ ವಿಷಯವನ್ನು ಮತದಾರರ ಮುಂದೆ ತಂದರು. 2016ರಲ್ಲಿ ಸುಮಾರು ಶೇ. 61 ಜನ ಮರಣದಂಡನೆ ಇರಲಿ ಅಂದರು. ಚೇಂಬರ್ಸ್ ಅವರ ದಶಕಗಳ ಶ್ರಮ ಹಾಗೆ ಹೋದದ್ದು ನನಗೆ ನೋವು ತಂದಿತು. ಆದರೂ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗಲಾರದು.

ಇನ್ನೊಂದು ವಿಶೇಷ, ಅಲ್ಲಿನ ಶಾಸಕರ ಚುನಾವಣೆಯಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರಿಲ್ಲ. ಸ್ಪೀಕರ್ ಮತ್ತು ಸಮಿತಿ ಅಧ್ಯಕ್ಷರನ್ನು ಗುಪ್ತ ಮತದಾನದಲ್ಲಿ ಆರಿಸುತ್ತಾರೆ. ಹಾಗಾಗಿ ಕಡಿಮೆ ಬಲದ ಪಕ್ಷದವರೂ ಅಧ್ಯಕ್ಷರಾಗಿದ್ದಾರೆ. ಯಾರು ಯಾವ ಪಕ್ಷ ಅಂತ ಜನರಿಗೆ ಗೊತ್ತೇ ಇರುತ್ತದೆ. ಇತ್ತೀಚೆಗಂತೂ ಪಕ್ಷದ ಒತ್ತಡ ಜಾಸ್ತಿಯಾಗಿದೆ. ನನಗೆ ಕಾಡುವ ಇನ್ನೊಂದು ವಿಷಯ ಸಂಬಳ. 1988ರಲ್ಲಿ ನಿಗದಿಯಾದ ವರ್ಷಕ್ಕೆ 12,000 ಡಾಲರ್ ಆಮೇಲೆ ಏರಿಲ್ಲ. ಅಷ್ಟರಲ್ಲಿ ಸಂಸಾರ ನಡೆಯದು. ಸ್ವಂತ ಆದಾಯ ಇಲ್ಲದವರು ಚುನಾವಣೆಗೆ ನಿಲ್ಲುವುದೇ ಕಷ್ಟ, ಇದು ಸರಿಯಲ್ಲ.

ಪ್ರಶ್ನೆ: ಅಧ್ಯಕ್ಷರ ಚುನಾವಣೆ ಬಂದಾಗ ಒಮಾಹದ ಹೆಸರು ಟಿವಿಯಲ್ಲಿ ಅಷ್ಟೊಂದು ಕೇಳಿಬರುವುದೇಕೆ?
ಓದುಗರು, ಮಂಗಳೂರು

ಉತ್ತರ: ಅಮೆರಿಕದ ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟೋರಲ್ ಮತಗಳಿವೆ. ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವರಿಗೆ ಅವೆಲ್ಲಾ ಸಿಗುತ್ತವೆ. ನೆಬ್ರಾಸ್ಕಾ ಮತ್ತು ಮೇನ್ ಮಾತ್ರ ಹಂಚಿಕೊಡುತ್ತವೆ. ನೆಬ್ರಾಸ್ಕಾಗೆ ಇರುವುದು 5 ಮತ. ಎರಡು ಇಡೀ ರಾಜ್ಯದಲ್ಲಿ ಗೆದ್ದವರಿಗೆ, ಉಳಿದ ಮೂರು ಒಂದೊಂದು ಕ್ಷೇತ್ರಕ್ಕೆ ಒಂದರಂತೆ. ಒಮಾಹ ಎರಡನೇ ಕ್ಷೇತ್ರದಲ್ಲಿದೆ. ರಾಜ್ಯ ರಿಪಬ್ಲಿಕನ್ನರ ಕಡೆ ಇದ್ದರೂ ಈ ಒಂದು ಮತ 2008ರಲ್ಲಿ ಒಬಾಮಾ, 2020ರಲ್ಲಿ ಬೈಡನ್, 2024ರಲ್ಲಿ ಕಮಲಾ ಹ್ಯಾರಿಸ್ ಪಾಲಾಯಿತು. 2024ರ ಚುನಾವಣೆಗೆ ಮೊದಲು ಈ ಪದ್ಧತಿಯನ್ನೇ ತೆಗೆಯಲು ಒತ್ತಡ ಬಂತು. ಅದೇ 49 ಜನರ ಸದನದಲ್ಲಿ ಅದಕ್ಕೆ ಬೇಕಾದಷ್ಟು ಬೆಂಬಲ ಸಿಗಲಿಲ್ಲ.